ಟರ್ಬೊ ಹಾಕಿದರೆ ಎಚ್‌ಪಿ ಡಬಲ್ ಆಗುತ್ತದೆಯೇ? ಉತ್ತರ ಇರುವುದು ಎಂಜಿನ್ ಬ್ಲಾಕಿನಲ್ಲಿ

ಹಸಿರು ದೀಪ ಬೀಳುತ್ತದೆ, ಕಾರಿನ ಮೂತಿ ಮೇಲಕ್ಕೇಳುತ್ತದೆ, 402 ಮೀಟರ್ ದೂರ ಏಳೆಂಟು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ವಿಡಿಯೊ ಮೇಲೆ ಬರೆದಿರುತ್ತದೆ: "ಕಂಪನಿ ಬ್ಲಾಕ್, ಟರ್ಬೊ ಮಾತ್ರ ಹಾಕಿದ್ದು, 1000 ಎಚ್‌ಪಿ!" ಇಂಥ ಡ್ರ್ಯಾಗ್ ರೇಸ್ ವಿಡಿಯೊ ನಿಮ್ಮ ವಾಟ್ಸ್ಆ್ಯಪ್ ಗ್ರೂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ಕಾರಿಗೆ ಆಗುತ್ತದೆ ಅಂದರೆ ನಮ್ಮ ಟ್ರ್ಯಾಕ್ಟರಿಗೆ ಯಾಕೆ ಆಗಲ್ಲ? ಟರ್ಬೊ ಕೂರಿಸಿ, ಡೀಸೆಲ್ ಪಂಪ್ ಏರಿಸಿದರೆ 45 ಎಚ್‌ಪಿ ಗಾಡಿ 90 ಆಗುತ್ತದೆ."

ಲೋಕಾಪುರ, ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಈ ಮಾತಿಗೆ ಕಿವಿಗೊಡುವವರು ಹೆಚ್ಚು. ಕಬ್ಬಿನ ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಹಗಲು ರಾತ್ರಿ ಕಾರ್ಖಾನೆ ದಾರಿ ಹಿಡಿಯುತ್ತವೆ. ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ಜಗ್ಗುವ, ರಿವರ್ಸ್ ಓಡಿಸುವ ಸ್ಪರ್ಧೆಗಳೂ ನಡೆಯುತ್ತವೆ. ಆ ಗಾಡಿಯ ಸಾಲದ ಕಂತು ಇನ್ನೂ ಬಾಕಿ ಇದ್ದರೆ, ಒಂದು ಫಾರ್ವರ್ಡ್ ನಂಬಿ ಎಂಜಿನ್ ಬಿಚ್ಚಿಸುವುದು ಸಣ್ಣ ವಿಷಯವಲ್ಲ. ಹಾಗಾಗಿ ಈ ಮಾತನ್ನು ಬಿಡಿಸಿ ನೋಡೋಣ.

ಚಿಕ್ಕ ಉತ್ತರ

ವಿಡಿಯೊದಲ್ಲಿನ ಕಾರು ನಿಜ. "ಟರ್ಬೊ ಮಾತ್ರ" ಎನ್ನುವುದು ಸುಳ್ಳು. ಟರ್ಬೊ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ, ಅಷ್ಟೇ. ಆ ಗಾಳಿಯಿಂದ ಹುಟ್ಟುವ ಒತ್ತಡವನ್ನು ತಡೆಯಬೇಕಾದದ್ದು ಬ್ಲಾಕ್ ಮತ್ತು ಅದರೊಳಗಿನ ಭಾಗಗಳು. ಎಷ್ಟು ಎಚ್‌ಪಿ ಸಾಧ್ಯ ಎಂದು ಮೊದಲು ತೀರ್ಮಾನಿಸುವುದು ಬ್ಲಾಕ್, ಆಮೇಲೆ ಅದನ್ನು ಕಟ್ಟಿದ ಬಿಲ್ಡರ್, ಕೊನೆಗೆ ಟರ್ಬೊ. ಫಾರ್ವರ್ಡ್‌ಗಳು ಈ ಕ್ರಮವನ್ನು ತಲೆಕೆಳಗು ಮಾಡುತ್ತವೆ.

ಟರ್ಬೊ ನಿಜವಾಗಿ ಏನು ಮಾಡುತ್ತದೆ?

ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೀಗೆ ಹೆಚ್ಚುವರಿಯಾಗಿ ತುಂಬುವ ಒತ್ತಡಕ್ಕೆ ಬೂಸ್ಟ್ ಎನ್ನುತ್ತಾರೆ. 1 ಬಾರ್ ಬೂಸ್ಟ್ ಎಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟೇ ಇನ್ನೊಂದು ಪಾಲು. ಆಗ ಸಿಲಿಂಡರಿಗೆ ಹೆಚ್ಚುಕಡಿಮೆ ಎರಡರಷ್ಟು ಗಾಳಿ ಹೋಗಬಹುದು. ಅದಕ್ಕೆ ತಕ್ಕಷ್ಟು ಇಂಧನ ಕೊಟ್ಟರೆ ಶಕ್ತಿಯೂ ಏರುತ್ತದೆ.

ಆದರೆ ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪ್ ಹೊಡೆದವರಿಗೆ ಇದು ಗೊತ್ತು. ಹೊರಗೆ 40 ಡಿಗ್ರಿ ಬಿಸಿಲಿದ್ದಾಗ 1 ಬಾರ್ ಬೂಸ್ಟ್ ಕೊಟ್ಟರೆ ಟರ್ಬೊದಿಂದ ಹೊರಬರುವ ಗಾಳಿ ಸುಮಾರು 130 ಡಿಗ್ರಿ ದಾಟಬಹುದು. ಅದಕ್ಕೇ ಇಂಟರ್‌ಕೂಲರ್ ಬೇಕು. ಇಲ್ಲದಿದ್ದರೆ ಪೆಟ್ರೋಲ್ ಎಂಜಿನ್ನಿನಲ್ಲಿ ಮಿಶ್ರಣದ ಒಂದು ಭಾಗ ಹೊತ್ತಿಗೆ ಮೊದಲೇ ತಾನಾಗಿ ಸಿಡಿಯುತ್ತದೆ. ಇದೇ 'ನಾಕಿಂಗ್'. ಜೋರು ಬೂಸ್ಟಿನಲ್ಲಿ ಪಿಸ್ಟನ್ ಒಡೆಯಲು ಕೆಲವೇ ಸೆಕೆಂಡುಗಳ ನಾಕಿಂಗ್ ಸಾಕು.

ಬ್ಲಾಕ್ ಮೇಲೆ ಎಷ್ಟು ಭಾರ ಬೀಳುತ್ತದೆ?

ಡ್ರ್ಯಾಗ್ ರೇಸ್ ಲೋಕದ ಅತಿ ಪ್ರಸಿದ್ಧ ಎಂಜಿನ್ನುಗಳಲ್ಲಿ ಒಂದು ಟೊಯೊಟಾದ 2ಜೆಝಡ್-ಜಿಟಿಇ. 1993ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಸುಪ್ರಾ ಟರ್ಬೊ ಕಾರಿನಲ್ಲಿ ಇದು 320 ಎಚ್‌ಪಿ ಕೊಡುತ್ತಿತ್ತು. 3 ಲೀಟರ್, ಸಾಲಾಗಿ ಆರು ಸಿಲಿಂಡರ್, ಬೋರ್ 86 ಮಿ.ಮೀ.

ಸಿಲಿಂಡರಿನೊಳಗೆ 100 ಬಾರ್ ಒತ್ತಡ ಹುಟ್ಟಿತು ಎಂದುಕೊಳ್ಳಿ. 86 ಮಿ.ಮೀ. ಬೋರಿನ ಪಿಸ್ಟನ್ ತಲೆಯ ವಿಸ್ತಾರ ಸುಮಾರು 58 ಚದರ ಸೆಂ.ಮೀ. ಲೆಕ್ಕ ಹಾಕಿದರೆ ಒಂದೊಂದು ಪಿಸ್ಟನ್ ಮೇಲೆ ಬೀಳುವ ಬಲ ಸುಮಾರು 6 ಟನ್ ಭಾರಕ್ಕೆ ಸಮ. ಎಂಜಿನ್ ನಿಮಿಷಕ್ಕೆ 7500 ಸುತ್ತು ತಿರುಗುತ್ತಿದ್ದರೆ ಈ ಏಟು ಪ್ರತಿ ಸಿಲಿಂಡರಿನಲ್ಲಿ ಸೆಕೆಂಡಿಗೆ 62 ಸಲ ಬೀಳುತ್ತದೆ. ಅದೇ ಎಂಜಿನ್ನಿನಿಂದ 1000 ಎಚ್‌ಪಿ ತೆಗೆಯುವಾಗ ಪಿಸ್ಟನ್ ಮೇಲಿನ ಸರಾಸರಿ ಒತ್ತಡ ಕಂಪನಿ ಕೊಟ್ಟದ್ದರ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ.

ಈ ಬಲ ಒಂದು ಕಡೆ ಹೆಡ್ಡನ್ನು ಮೇಲಕ್ಕೆ ಎತ್ತುತ್ತದೆ, ಇನ್ನೊಂದು ಕಡೆ ಕ್ರ್ಯಾಂಕನ್ನು ಕೆಳಕ್ಕೆ ತಳ್ಳುತ್ತದೆ. ನಡುವೆ ಎರಡನ್ನೂ ಹಿಡಿದುಕೊಂಡಿರುವುದು ಬ್ಲಾಕ್. ಅದು ಕೂದಲೆಳೆಯಷ್ಟು ಬಾಗಿದರೂ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಬೇರಿಂಗ್ ಉಜ್ಜುತ್ತದೆ, ಬೋರ್ ತನ್ನ ದುಂಡು ಕಳೆದುಕೊಳ್ಳುತ್ತದೆ.

ಮುಧೋಳ ಸೀಮೆಯವರಿಗೆ ತೆರಬಂಡಿ ಸ್ಪರ್ಧೆ ಹೊಸದಲ್ಲ. ಎತ್ತು ಎಷ್ಟೇ ಬಲವಾಗಿರಲಿ, ನೊಗ ಮುರಿದರೆ ಬಂಡಿ ಅಲ್ಲೇ ನಿಲ್ಲುತ್ತದೆ. ಎಂಜಿನ್ನಿನ ಲೆಕ್ಕವೂ ಅದೇ.

ಬ್ಲಾಕುಗಳಲ್ಲಿ ಏನು ವ್ಯತ್ಯಾಸ?

*ಎರಕದ ಕಬ್ಬಿಣ.* ಭಾರ ಹೆಚ್ಚು, ಆದರೆ ಬಿಗಿ. 2ಜೆಝಡ್ ಬ್ಲಾಕ್ ಇದೇ ಜಾತಿಯದು. ಏಳು ಮೇನ್ ಬೇರಿಂಗುಗಳಿವೆ, ಸಿಲಿಂಡರುಗಳ ಮೇಲ್ತುದಿ ಸುತ್ತಲಿನ ಗೋಡೆಯೊಂದಿಗೆ ಕೂಡಿಕೊಂಡಿದೆ. ಇದಕ್ಕೆ 'ಕ್ಲೋಸ್ಡ್ ಡೆಕ್' ಎನ್ನುತ್ತಾರೆ. ಹಾಗಾಗಿಯೇ ಅದು ಕಂಪನಿ ಲೆಕ್ಕಕ್ಕಿಂತ ಬಹಳ ಹೆಚ್ಚು ತಡೆಯುತ್ತದೆ. ಆದರೆ ಕಬ್ಬಿಣ ಎಂದ ಮಾತ್ರಕ್ಕೆ ಎಲ್ಲವೂ ಗಟ್ಟಿ ಅಲ್ಲ. ಫೋರ್ಡ್ 302 ಎಂಬ ಹಳೆಯ ವಿ8 ಬ್ಲಾಕ್ ಕೂಡ ಕಬ್ಬಿಣದ್ದೇ. ಸುಮಾರು 500 ಎಚ್‌ಪಿ ದಾಟಿದ ಮೇಲೆ ಅದು ನಡುವೆ ಉದ್ದಕ್ಕೆ ಸೀಳುತ್ತದೆ ಎಂಬುದು ಅಮೆರಿಕದ ಡ್ರ್ಯಾಗ್ ರೇಸರುಗಳಿಗೆಲ್ಲ ಗೊತ್ತಿರುವ ಸಂಗತಿ. ಲೋಹ ಒಂದೇ, ವಿನ್ಯಾಸ ಬೇರೆ.

*ಎರಕದ ಅಲ್ಯೂಮಿನಿಯಂ.* ಹಗುರ, ಶಾಖವನ್ನು ಬೇಗ ಬಿಡುತ್ತದೆ. ಇಂದಿನ ಬಹುತೇಕ ಸಣ್ಣ ಪೆಟ್ರೋಲ್ ಕಾರುಗಳದ್ದು ಇದೇ. ಹಲವು ಬ್ಲಾಕುಗಳಲ್ಲಿ ಸಿಲಿಂಡರಿನ ಮೇಲ್ತುದಿಯ ಸುತ್ತ ನೀರಿಗಾಗಿ ತೆರೆದ ಜಾಗವಿರುತ್ತದೆ. ಬೂಸ್ಟ್ ಏರಿದಾಗ ಸಿಲಿಂಡರುಗಳು ಅಲ್ಲಾಡುತ್ತವೆ. ಅದಕ್ಕೇ ರೇಸ್ ಎಂಜಿನ್ ಕಟ್ಟುವವರು ಒಳಗೆ ದಪ್ಪ ಸ್ಲೀವ್ ಕೂರಿಸುತ್ತಾರೆ.

*ಬಿಲೆಟ್.* ಎರಕ ಹೊಯ್ಯದೆ, ಇಡೀ ಅಲ್ಯೂಮಿನಿಯಂ ದಿಮ್ಮಿಯನ್ನು ಕಂಪ್ಯೂಟರ್ ಯಂತ್ರದಲ್ಲಿ ಕೊರೆದು ಮಾಡುವ ಬ್ಲಾಕ್. ವಿಪರೀತ ಎಚ್‌ಪಿಯ ಕಾರುಗಳಲ್ಲಿ ಇರುವುದು ಹೆಚ್ಚಾಗಿ ಇದೇ. ಡ್ರ್ಯಾಗ್ ರೇಸಿಗೆಂದೇ ಮಾಡಿದ ಕೆಲವು ಬಿಲೆಟ್ ಬ್ಲಾಕುಗಳಲ್ಲಿ ನೀರು ಓಡಾಡುವ ದಾರಿಯೇ ಇರುವುದಿಲ್ಲ. ಓಟ ಕೆಲವೇ ಸೆಕೆಂಡು, ಆಮೇಲೆ ಆರಿಸಿದರಾಯಿತು. ಅಂಥ ಎಂಜಿನ್ನಿನಲ್ಲಿ ಲೋಕಾಪುರದಿಂದ ಮುಧೋಳಕ್ಕೂ ಹೋಗಲಾಗದು.

"ಬ್ಲಾಕಿಗೆ ಸಿಮೆಂಟ್ ಹಾಕುತ್ತಾರಂತೆ." ಇದು ನಿಜವೇ?

ನಂಬಲು ಕಷ್ಟ, ಆದರೆ ನಿಜ. ಸಿಲಿಂಡರುಗಳ ಸುತ್ತ ನೀರಿರುವ ಜಾಗದ ಕೆಳಭಾಗಕ್ಕೆ ಸಿಮೆಂಟಿನಂಥ ಗಟ್ಟಿ ಮಿಶ್ರಣ ಸುರಿದು ಬಿಗಿ ಮಾಡುವ ಪದ್ಧತಿ ಡ್ರ್ಯಾಗ್ ರೇಸಿನಲ್ಲಿದೆ. ಅದಕ್ಕೆಂದೇ ತಯಾರಾದ 'ಬ್ಲಾಕ್ ಫಿಲ್ಲರ್' ಸಿಗುತ್ತದೆ. ಹಾಗಂತ ಮುದ್ದಾಪುರದ ಕಾರ್ಖಾನೆಯ ಸಿಮೆಂಟ್ ಚೀಲ ಬಿಚ್ಚಿ ಟ್ರ್ಯಾಕ್ಟರಿಗೆ ಸುರಿಯಬೇಡಿ. ಮನೆ ಕಟ್ಟುವ ಸಿಮೆಂಟ್ ಈ ಕೆಲಸಕ್ಕೆ ತಯಾರಾದದ್ದಲ್ಲ. ಫಿಲ್ಲರ್ ತುಂಬಿದಷ್ಟೂ ನೀರಿನ ಜಾಗ ಕಡಿಮೆಯಾಗುತ್ತದೆ. ಸೆಕೆಂಡುಗಳ ಓಟಕ್ಕೆ ಅದು ನಡೆಯುತ್ತದೆ, ಗಂಟೆಗಟ್ಟಲೆ ಭಾರ ಎಳೆಯುವ ಎಂಜಿನ್ ಕಾದು ಕೂರುತ್ತದೆ.

"ಕಬ್ಬಿನ ಎಥನಾಲ್ ಹಾಕಿದರೆ ರೇಸ್ ಕಾರು." ಇದು?

ಅರ್ಧ ನಿಜ. ಟರ್ಬೊ ಡ್ರ್ಯಾಗ್ ಕಾರುಗಳಲ್ಲಿ 85% ತನಕ ಎಥನಾಲ್ ಇರುವ ಇಂಧನ ಬಳಸುವವರು ಬಹಳ. ಎಥನಾಲ್ ಆವಿಯಾಗುವಾಗ ಒಳಗಿನ ಗಾಳಿಯನ್ನು ಚೆನ್ನಾಗಿ ತಂಪು ಮಾಡುತ್ತದೆ, ನಾಕಿಂಗ್ ತಡೆಯುತ್ತದೆ. ಆದರೆ ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿಯಿದೆ. ಹೆಚ್ಚು ಇಂಧನ ಕೊಡುವ ಪಂಪ್, ಇಂಜೆಕ್ಟರ್, ಹೊಸ ಟ್ಯೂನಿಂಗ್ ಎಲ್ಲವೂ ಬೇಕು. ಬಂಕಿನಲ್ಲಿ ಸಿಗುವ 20% ಎಥನಾಲಿನ ಪೆಟ್ರೋಲ್ ಹಾಕಿದ ಮಾತ್ರಕ್ಕೆ ಯಾವ ಕಾರೂ ರೇಸ್ ಕಾರಾಗುವುದಿಲ್ಲ.

"ಕಂಪನಿ ಬ್ಲಾಕ್" ಎಂಬ ಮಾತಿನ ಒಳಗುಟ್ಟು

2ಜೆಝಡ್‌ನ ಕಂಪನಿ ಬ್ಲಾಕಿನಲ್ಲಿ 1000 ಎಚ್‌ಪಿ ತೆಗೆದವರು ಹಲವರಿದ್ದಾರೆ. ಆದರೆ ಕಂಪನಿಯದ್ದು ಉಳಿದಿರುವುದು ಸಾಮಾನ್ಯವಾಗಿ ಆ ಕಬ್ಬಿಣದ ಎರಕ ಮಾತ್ರ. ಫೋರ್ಜ್ ಮಾಡಿದ ಪಿಸ್ಟನ್, ಹೊಸ ಕನೆಕ್ಟಿಂಗ್ ರಾಡ್, ಗಟ್ಟಿ ಹೆಡ್ ಸ್ಟಡ್, ಬೇರೆ ಗ್ಯಾಸ್ಕೆಟ್, ದೊಡ್ಡ ಇಂಜೆಕ್ಟರ್, ಬೇರೆ ಇಸಿಯು, ಕ್ಲಚ್, ಗೇರ್‌ಬಾಕ್ಸ್ ಎಲ್ಲ ಬದಲಾಗಿರುತ್ತವೆ. ಭಾರತದಲ್ಲಿ ಮಾರಾಟವಾದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನ 1.8 ಟರ್ಬೊ ಎಂಜಿನ್ನಿನಲ್ಲೂ ಹೀಗೇ. ಅದರ ಕಬ್ಬಿಣದ ಬ್ಲಾಕ್ ಗಟ್ಟಿ, ಬೂಸ್ಟ್ ಏರಿಸಿದರೆ ಮೊದಲು ಬಾಗುವುದು ಕನೆಕ್ಟಿಂಗ್ ರಾಡ್.

ಹಾಗಾದರೆ ನಮ್ಮ ಟ್ರ್ಯಾಕ್ಟರ್?

ಇಲ್ಲಿ ಮೂರು ವಿಷಯ ನೆನಪಿಡಿ.

ಒಂದು, ಬಹುತೇಕ ಟ್ರ್ಯಾಕ್ಟರುಗಳಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇರುವುದಿಲ್ಲ. ಮುಂದೆ ಆ್ಯಕ್ಸಲ್, ನಡುವೆ ಎಂಜಿನ್ ಬ್ಲಾಕ್, ಹಿಂದೆ ಕ್ಲಚ್ ಹೌಸಿಂಗ್, ಗೇರ್‌ಬಾಕ್ಸ್, ಎಲ್ಲವನ್ನೂ ಬೋಲ್ಟ್ ಹಾಕಿ ಜೋಡಿಸಿರುತ್ತಾರೆ. ಬ್ಲಾಕೇ ಗಾಡಿಯ ಬೆನ್ನೆಲುಬು. ಅದು ಬಿರುಕು ಬಿಟ್ಟರೆ ಎಂಜಿನ್ ಕೆಡುವುದಷ್ಟೇ ಅಲ್ಲ, ಟ್ರ್ಯಾಕ್ಟರ್ ನಡುವೆ ಮುರಿಯುತ್ತದೆ.

ಎರಡು, ಕಂಪನಿಯಿಂದಲೇ ಟರ್ಬೊ ಬಂದ ಟ್ರ್ಯಾಕ್ಟರುಗಳಿವೆ. ಅವುಗಳಲ್ಲಿ ಪಿಸ್ಟನ್, ಗ್ಯಾಸ್ಕೆಟ್, ಆಯಿಲ್ ವ್ಯವಸ್ಥೆ, ಕೂಲಿಂಗ್ ಎಲ್ಲವನ್ನೂ ಆ ಒತ್ತಡಕ್ಕೆ ಹೊಂದಿಸಿರುತ್ತಾರೆ. ಟರ್ಬೊ ಇಲ್ಲದ ಎಂಜಿನ್ನಿಗೆ ಹೊರಗಿನಿಂದ ಕೂರಿಸಿದರೆ ಇದ್ಯಾವುದೂ ಜೊತೆಗೆ ಬರುವುದಿಲ್ಲ.

ಮೂರು, ಅದೇ ಗೇರ್, ಅದೇ ಆರ್‌ಪಿಎಂ ಇದ್ದರೆ ಟ್ರ್ಯಾಕ್ಟರಿನ ವೇಗವೂ ಅದೇ. 45 ಎಚ್‌ಪಿಯನ್ನು 90 ಮಾಡಿದರೆ ಏರುವುದು ಎಳೆಯುವ ಬಲ. ಆ ಬಲ ಕ್ಲಚ್, ಗೇರ್, ಹಿಂದಿನ ಆ್ಯಕ್ಸಲ್ ಮೇಲೆ ಎರಡರಷ್ಟಾಗಿ ಬೀಳುತ್ತದೆ. ಬ್ರೇಕ್ ಮಾತ್ರ ಹಳೆಯದೇ. ತುಂಬಿದ ಎರಡು ಟ್ರೇಲರ್ ಇಳಿಜಾರಿನಲ್ಲಿ ಹಿಂದಿನಿಂದ ನೂಕಿದಾಗ ಎಚ್‌ಪಿ ಕಾಯುವುದಿಲ್ಲ. ಡೀಸೆಲ್ ಲೆಕ್ಕವನ್ನೂ ನೋಡಿ: 45 ಎಚ್‌ಪಿ ಎಂಜಿನ್ ಪೂರ್ತಿ ಭಾರದಲ್ಲಿ ಗಂಟೆಗೆ ಸುಮಾರು 10 ಲೀಟರ್ ಕುಡಿದರೆ, 90 ಎಚ್‌ಪಿ ಪೂರ್ತಿ ಬಳಸಿದಾಗ ಸುಮಾರು 20 ಲೀಟರ್ ಬೇಕು. ಇನ್ನು ಕಪ್ಪು ಹೊಗೆ ಜೋರು ಬಂದರೆ ಅದು ಶಕ್ತಿಯ ಗುರುತಲ್ಲ. ಪೂರ್ತಿ ಸುಡದ ನಿಮ್ಮ ಡೀಸೆಲ್ ಗಾಳಿಗೆ ಹೋಗುತ್ತಿದೆ ಎಂದರ್ಥ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಕಂಪನಿ ನಮೂದಿಸಿದ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮಾ ಕಂಪನಿ ಮೊದಲು ಎತ್ತುವ ತಕರಾರೂ ಇದೇ ಆಗಬಹುದು. ರೇಸ್ ಕಾರಿನ ಜಾಗ ರಸ್ತೆಯಲ್ಲ, ಅನುಮತಿ ಪಡೆದ ಟ್ರ್ಯಾಕ್. ಭಾರತದಲ್ಲಿ ಮೋಟಾರ್ ರೇಸಿಂಗ್ ನಿಯಂತ್ರಿಸುವ ಸಂಸ್ಥೆ ಎಫ್‌ಎಂಎಸ್‌ಸಿಐ.

ಟ್ರ್ಯಾಕಿಗೇ ಕಾರು ಕಟ್ಟಿಸುವವರು ಬಿಲ್ಡರ್‌ಗೆ ಕೇಳಬೇಕಾದ ಪ್ರಶ್ನೆಗಳು

1. "ಎಷ್ಟು ಎಚ್‌ಪಿ ಕೊಡುತ್ತೀರಿ?" ಎಂದು ಕೇಳುವ ಮೊದಲು "ಈ ಬ್ಲಾಕ್ ಎಷ್ಟರಲ್ಲಿ ಸೋಲುತ್ತದೆ, ಎಲ್ಲಿ ಸೋಲುತ್ತದೆ?" ಎಂದು ಕೇಳಿ. ಉತ್ತರ ಗೊತ್ತಿಲ್ಲದವರ ಕೈಗೆ ಎಂಜಿನ್ ಕೊಡಬೇಡಿ.

2. ಬ್ಲಾಕಿನಲ್ಲಿ ಬಿರುಕು ಇದೆಯೇ ಎಂದು ಪರೀಕ್ಷಿಸಿದರೇ? ಸಿಲಿಂಡರ್ ಗೋಡೆಯ ದಪ್ಪವನ್ನು ಸೋನಿಕ್ ಪರೀಕ್ಷೆಯಲ್ಲಿ ಅಳೆದರೇ? ಹಳೆಯ ಬ್ಲಾಕ್ ಪದೇ ಪದೇ ಬೋರ್ ಆಗಿದ್ದರೆ ಗೋಡೆ ತೆಳುವಾಗಿರುತ್ತದೆ.

3. ಹೆಡ್ ಬಿಗಿದಾಗ ಬೋರ್ ಸ್ವಲ್ಪ ಸೊಟ್ಟಗಾಗುತ್ತದೆ. ಅದಕ್ಕೇ ಒಳ್ಳೆಯ ಬಿಲ್ಡರ್ ದಪ್ಪ ಪ್ಲೇಟ್ ಒಂದನ್ನು ಬ್ಲಾಕ್ ಮೇಲೆ ಬಿಗಿದು ಹೋನಿಂಗ್ ಮಾಡುತ್ತಾರೆ. ಇದನ್ನು ಮಾಡಿದರೇ?

4. ಬೇರಿಂಗ್ ಗ್ಯಾಪ್, ಪಿಸ್ಟನ್ ಗ್ಯಾಪ್, ರಿಂಗ್ ಗ್ಯಾಪ್, ಎಲ್ಲದರ ಅಳತೆಯನ್ನು ಬರೆದು ಕೊಡುತ್ತಾರೆಯೇ? ಟರ್ಬೊ ಎಂಜಿನ್ನಿನಲ್ಲಿ ರಿಂಗ್ ಗ್ಯಾಪ್ ಸ್ವಲ್ಪ ಹೆಚ್ಚೇ ಬೇಕು. ಕಡಿಮೆಯಿದ್ದರೆ ಬಿಸಿಗೆ ರಿಂಗಿನ ಎರಡು ತುದಿ ಒಂದಕ್ಕೊಂದು ಒತ್ತಿ ಪಿಸ್ಟನ್ ಒಡೆಯುತ್ತದೆ.

5. ಡೈನೊ ಕಾಗದ ತೋರಿಸುತ್ತಾರೆಯೇ? ಅದರಲ್ಲಿನ ಎಚ್‌ಪಿ ಚಕ್ರದ ಹತ್ತಿರ ಅಳೆದದ್ದೋ, ಎಂಜಿನ್ನಿನದ್ದೆಂದು ಲೆಕ್ಕ ಹಾಕಿದ್ದೋ? ಯಾವ ಇಂಧನ, ಎಷ್ಟು ಬೂಸ್ಟ್, ಎಷ್ಟು ಆರ್‌ಪಿಎಂ?

6. ಕೊನೆಯದು, ಮುಖ್ಯವಾದದ್ದು: ಅವರು ಯಾವಾಗಲಾದರೂ "ಇದು ಬೇಡ, ಈ ಬ್ಲಾಕ್ ತಡೆಯಲ್ಲ" ಎಂದು ಗಿರಾಕಿಗೆ ಹೇಳಿದ್ದುಂಟೇ? ಎಲ್ಲದಕ್ಕೂ "ಆಗುತ್ತೆ" ಎನ್ನುವವರಿಗಿಂತ ಇಂಥವರೇ ಮೇಲು.

ನಮ್ಮ ತೀರ್ಮಾನ

"ಟರ್ಬೊ ಹಾಕಿದರೆ ಎಚ್‌ಪಿ ಡಬಲ್" ಎಂಬ ಮಾತು ದಾರಿ ತಪ್ಪಿಸುವಂಥದ್ದು. ಸರಿಯಾದ ಬ್ಲಾಕ್, ಗಟ್ಟಿ ಒಳಭಾಗ, ಅಳೆದು ಕಟ್ಟುವ ಬಿಲ್ಡರ್, ಸೂಕ್ತ ಇಂಧನ ಇದ್ದರೆ ಡ್ರ್ಯಾಗ್ ಕಾರಿನಲ್ಲಿ ಎಚ್‌ಪಿ ಎರಡು, ಮೂರು ಪಟ್ಟು ಆಗುವುದು ನಿಜ. ಆ ಎಂಜಿನ್ನನ್ನೂ ಆಗಾಗ ಬಿಚ್ಚಿ ನೋಡುತ್ತಲೇ ಇರಬೇಕು. ಹಂಗಾಮಿಡೀ ದುಡಿದು ಕಂತು ಕಟ್ಟಿಸಬೇಕಾದ ಟ್ರ್ಯಾಕ್ಟರಿಗೆ ಆ ಲೆಕ್ಕ ಹೊಂದುವುದಿಲ್ಲ. ಹೆಚ್ಚು ಎಚ್‌ಪಿ ಬೇಕೇ ಬೇಕು ಎಂದರೆ, ಕಂಪನಿಯೇ ಅಷ್ಟು ಎಚ್‌ಪಿಗೆ ಮಾಡಿದ ಗಾಡಿ ನೋಡಿ.

ಮುಂದಿನ ಸಲ ಅಂಥ ವಿಡಿಯೊ ಬಂದಾಗ ಫಾರ್ವರ್ಡ್ ಒತ್ತುವ ಮುನ್ನ ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: "ಬ್ಲಾಕ್ ಯಾವುದು, ಒಳಗೆ ಏನೇನು ಬದಲಾಗಿದೆ?" ಉತ್ತರ ಬರದಿದ್ದರೆ ಆ ವಿಡಿಯೊವನ್ನು ನೋಡಿ ಖುಷಿಪಡಿ, ಗಾಡಿ ಮೇಲೆ ಪ್ರಯೋಗ ಮಾಡಬೇಡಿ.