ವಯೋಮಿತಿಯ ವ್ಯಾಜ್ಯ

ಉಗಾಂಡದ 1995ರ ಸಂವಿಧಾನ ಅಧ್ಯಕ್ಷ ಹುದ್ದೆಗೆ ಎರಡು ಬೇಲಿ ಹಾಕಿತ್ತು: ಎರಡೇ ಅವಧಿ, 75 ದಾಟಿದವರಿಗೆ ಸ್ಪರ್ಧೆಯಿಲ್ಲ. ಅವಧಿಯ ಮಿತಿ 2005ರಲ್ಲೇ ಹೋಯಿತು. 1944ರಲ್ಲಿ ಹುಟ್ಟಿದ ಅಧ್ಯಕ್ಷ ಯೊವೇರಿ ಮುಸೆವೆನಿ 2021ರ ಚುನಾವಣೆಗೆ ನಿಲ್ಲಬೇಕಾದರೆ ವಯೋಮಿತಿಯೂ ಹೋಗಬೇಕಿತ್ತು. 2017ರ ಸೆಪ್ಟೆಂಬರ್‌ನಲ್ಲಿ ಈ ಮಾತು ಬಂದಾಗ ಸಂಸತ್ತಿನೊಳಗೆ ಕುರ್ಚಿಗಳು ಹಾರಾಡಿದವು. ಭದ್ರತಾ ಸಿಬ್ಬಂದಿ ಒಳನುಗ್ಗಿ ವಿರೋಧ ಪಕ್ಷದ ಸದಸ್ಯರನ್ನು ಎಳೆದೊಯ್ದರು. ಡಿಸೆಂಬರ್‌ನಲ್ಲಿ ತಿದ್ದುಪಡಿ ಅಂಗೀಕಾರವಾಯಿತು. ಸಂದು ಸಿಕ್ಕಿತೆಂದು ಸಂಸದರು ತಮ್ಮ ಅವಧಿಯನ್ನೂ ಐದರಿಂದ ಏಳು ವರ್ಷಕ್ಕೆ ಹಿಗ್ಗಿಸಿಕೊಂಡರು!

ತಿದ್ದುಪಡಿ ಸಂವಿಧಾನದ ಮೂಲ ರಚನೆಗೇ ಧಕ್ಕೆ ತರುತ್ತದೆ ಎಂಬುದು ನ್ಯಾಯಾಲಯದ ಮೆಟ್ಟಿಲೇರಿದವರ ಒಂದು ಮುಖ್ಯ ವಾದ. ಮೂಲ ರಚನೆಯನ್ನು ತಿದ್ದುಪಡಿಯಿಂದಲೂ ಕೆಡಿಸುವಂತಿಲ್ಲ ಎಂಬ ಈ ತತ್ವ ಲೋಕಪ್ರಸಿದ್ಧವಾದದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ್ದ ಮೊಕದ್ದಮೆಯಲ್ಲಿ, ಭಾರತದ ಸುಪ್ರೀಂ ಕೋರ್ಟ್ 1973ರಲ್ಲಿ ಕೊಟ್ಟ ತೀರ್ಪಿನಿಂದ.

2018ರ ಜುಲೈನಲ್ಲಿ ಉಗಾಂಡದ ಎಂಬಾಲೆ ಪಟ್ಟಣದಲ್ಲಿ ತೀರ್ಪು ಓದಿದ ಸಾಂವಿಧಾನಿಕ ನ್ಯಾಯಾಲಯ ಸಂಸದರ ಏಳು ವರ್ಷದ ಆಸೆಗೆ ತಣ್ಣೀರೆರಚಿತು. ವಯೋಮಿತಿಯ ರದ್ದತಿಯನ್ನು ಮಾತ್ರ 4–1 ಬಹುಮತದಿಂದ ಎತ್ತಿಹಿಡಿಯಿತು. 2019ರ ಏಪ್ರಿಲ್‌ನಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಖಚಿತಪಡಿಸಿತು. ಆದರೆ ಅಲ್ಲಿ ಅಂತರ 4–3, ಅಂದರೆ ಒಬ್ಬ ನ್ಯಾಯಮೂರ್ತಿ ಅತ್ತ ವಾಲಿದ್ದರೆ ತೀರ್ಪೇ ತಿರುಗುತ್ತಿತ್ತು. 2021ರ ಜನವರಿಯಲ್ಲಿ ಮುಸೆವೆನಿ ಆರನೇ ಬಾರಿಗೆ ಚುನಾಯಿತರಾದರು.