ಚುಕ್ಕೆ ಮಾಯವಾದರೆ ರೋಗ ಹೋಯಿತೇ?

ಭಾನುವಾರ ಹೊಸ ಮೀನು ತಂದು ತೊಟ್ಟಿಗೆ ಬಿಡುತ್ತೇವೆ. ಗುರುವಾರದ ಹೊತ್ತಿಗೆ ಹಳೆಯ ಮೀನೊಂದು ಕಲ್ಲಿಗೆ ಮೈ ಉಜ್ಜತೊಡಗುತ್ತದೆ. ಶನಿವಾರ ನೋಡಿದರೆ ಬಾಲದ ಮೇಲೆ ಸಣ್ಣ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು. ಆಮೇಲೆ ಸಲಹೆಗಳಿಗೆ ಬರವೇ? "ನೀಲಿ ಔಷಧಿ ನಾಲ್ಕು ಹನಿ ಹಾಕಿ" ಎನ್ನುತ್ತಾರೆ ಅಂಗಡಿಯವರು. "ನೀರು ಪೂರ್ತಿ ಚೆಲ್ಲಿ ತೊಟ್ಟಿ ತಿಕ್ಕಿ ತೊಳೆಯಿರಿ" ಎನ್ನುತ್ತಾರೆ ಪಕ್ಕದ ಮನೆಯವರು. ದೃಷ್ಟಿ ತಾಗಿದೆ ಎನ್ನುವ ಅಜ್ಜಿಯ ಮಾತಿನಿಂದ ಮೀನಿಗೆ ಕೇಡಂತೂ ಇಲ್ಲ. ಮೊದಲಿನ ಎರಡು ಸಲಹೆಗಳ ಬಗ್ಗೆ ಹಾಗೆ ಹೇಳಲಾಗದು.

ನಂಬಿಕೆ: ಅಂಗಡಿಯಲ್ಲಿ ಲವಲವಿಕೆಯಿಂದ ಇತ್ತು, ಅಂದರೆ ಮೀನಿಗೆ ರೋಗವಿರಲಿಲ್ಲ

ಬಿಳಿ ಚುಕ್ಕೆ ರೋಗಕ್ಕೆ ಕಾರಣ ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಪರಾವಲಂಬಿ ಜೀವಿ. ಸಾಕುವವರ ಬಾಯಲ್ಲಿ ಬರೀ 'ಇಕ್'. ಇದು ಎಷ್ಟೋ ಸಲ ಮೊದಲು ಕಿವಿರಿನಲ್ಲಿ ನೆಲೆಸುತ್ತದೆ. ಕಿವಿರಿನ ಒಳಗಿರುವ ಚುಕ್ಕೆ ಗಾಜಿನ ಆಚೆ ನಿಂತವರಿಗೆ ಕಾಣುವುದಿಲ್ಲ. ಮೀನು ಚೆನ್ನಾಗಿ ಈಜುತ್ತಿದ್ದರೂ, ಮೇವು ತಿನ್ನುತ್ತಿದ್ದರೂ ರೋಗ ಹೊತ್ತಿರಬಹುದು.

ಅದು ಅಂಗಡಿಗೆ ಬಂದ ದಾರಿಯನ್ನೂ ನೆನೆಯಿರಿ. ನಮ್ಮಲ್ಲಿ ಮಾರುವ ಬಣ್ಣದ ಮೀನುಗಳಲ್ಲಿ ಅನೇಕವು ಚೆನ್ನೈನ ಕೊಳತ್ತೂರು, ಕೋಲ್ಕತ್ತಾದಂಥ ಕಡೆಗಳಿಂದ ಬರುತ್ತವೆ. ಸಾಕಿದವರ ಕೊಳ, ಸಗಟು ವ್ಯಾಪಾರಿಯ ತೊಟ್ಟಿ, ಪ್ಲಾಸ್ಟಿಕ್ ಕವರಿನೊಳಗಿನ ಪ್ರಯಾಣ, ಕೊನೆಗೆ ಚಿಲ್ಲರೆ ಅಂಗಡಿಯ ಕಿಕ್ಕಿರಿದ ಟ್ಯಾಂಕ್. ಪ್ರತಿ ಹಂತದಲ್ಲೂ ನೀರು ಬೇರೆ, ನೆರೆಯವರು ಬೇರೆ. ಬಳಲಿದ ಮೀನಿನ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಅಡಗಿದ್ದ ರೋಗ ನಿಮ್ಮ ಮನೆಗೆ ಬಂದ ಮೇಲೆ ತಲೆಯೆತ್ತುತ್ತದೆ. ಅಂಗಡಿಯವರು ಮೋಸ ಮಾಡಿದರು ಎನ್ನಲು ಬರುವುದಿಲ್ಲ, ಅವರಿಗೂ ಅದು ಕಂಡಿರುವುದಿಲ್ಲ.

ಆದ್ದರಿಂದ ಕೊಳ್ಳುವಾಗ ನಿಮಗೆ ಬೇಕಾದ ಮೀನನ್ನಷ್ಟೇ ನೋಡಬೇಡಿ, ಅಕ್ಕಪಕ್ಕದ ಟ್ಯಾಂಕುಗಳನ್ನೂ ನೋಡಿ. ಹಲವು ಅಂಗಡಿಗಳಲ್ಲಿ ಒಂದೇ ಬಲೆ ಎಲ್ಲ ಟ್ಯಾಂಕುಗಳಿಗೂ ಇಳಿಯುತ್ತದೆ. ಕೆಲವೆಡೆ ಇಡೀ ಸಾಲಿಗೆ ಒಂದೇ ಫಿಲ್ಟರ್. ಮೂಲೆಯಲ್ಲಿ ಸತ್ತ ಮೀನು ತೇಲುತ್ತಿದೆಯೇ? ರೆಕ್ಕೆ ಮಡಚಿಕೊಂಡು ನಿಂತವು ಇವೆಯೇ? ನೀರಿನ ಮೇಲ್ಮೈಗೆ ಬಂದು ಏದುಸಿರು ಬಿಡುತ್ತಿವೆಯೇ? ಸ್ವಲ್ಪ ಮೇವು ಹಾಕಲು ಕೇಳಿ, ಯಾವುದು ಹತ್ತಿರ ಬರುವುದಿಲ್ಲ ಎಂದು ಗಮನಿಸಿ. ಅನುಮಾನ ಬಂದರೆ ಬರಿಗೈಯಲ್ಲಿ ವಾಪಸು ಬನ್ನಿ.

ನಂಬಿಕೆ: ಇಕ್ ಎಲ್ಲ ನೀರಿನಲ್ಲೂ ಇರುತ್ತದೆ, ಚಳಿ ಬಿದ್ದಾಗ ಏಳುತ್ತದೆ

ಮೀನು ಸಿಗದಿದ್ದರೆ ಈ ಜೀವಿಗೆ ಬದುಕಿಲ್ಲ. ನಲ್ಲಿ ನೀರಿನಲ್ಲಿ ತಾನಾಗಿ ಹುಟ್ಟುವುದೂ ಇಲ್ಲ. ಯಾರೋ ಅದನ್ನು ಒಳಗೆ ತಂದಿರಬೇಕು: ಹೊಸ ಮೀನು, ಕವರಿನ ನೀರು, ಒದ್ದೆ ಬಲೆ, ಮೀನಿದ್ದ ತೊಟ್ಟಿಯಿಂದ ಕಿತ್ತು ತಂದ ಗಿಡ. ಬೆಂಗಳೂರಿನ ಡಿಸೆಂಬರ್, ಜನವರಿಯಲ್ಲಿ ಹೀಟರ್ ಇಲ್ಲದ ತೊಟ್ಟಿಗಳಲ್ಲಿ ಚುಕ್ಕೆ ಕಂಡರೆ ಚಳಿ ಮಾಡಿದ್ದು ಇಷ್ಟೇ: ಮೀನನ್ನು ಬಳಲಿಸಿ, ಒಳಗೆ ಸಣ್ಣದಾಗಿ ಇದ್ದ ಸೋಂಕನ್ನು ಬೆಳೆಸಿದ್ದು.

ನಂಬಿಕೆ: ಚುಕ್ಕೆ ಹೋಯಿತು, ಔಷಧಿ ನಿಲ್ಲಿಸಬಹುದು

ಎಷ್ಟೋ ಮೀನುಗಳು ಸಾಯುವುದು ಈ ನಂಬಿಕೆಯಿಂದ. ನಾವು ನೋಡುವ ಬಿಳಿ ಚುಕ್ಕೆ ಮೀನಿನ ಚರ್ಮದಡಿಯಲ್ಲಿ ಕುಳಿತು ಉಣ್ಣುತ್ತಿರುವ ಪರಾವಲಂಬಿ. ಅಲ್ಲಿಗೆ ಔಷಧಿ ತಲುಪುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಅದು ತಾನೇ ಕಳಚಿಕೊಂಡು ಕೆಳಗೆ ಬಿದ್ದು, ಕಲ್ಲಿಗೋ ಗಾಜಿಗೋ ಅಂಟಿ, ಸುತ್ತ ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಆ ಕೋಶವನ್ನೂ ಔಷಧಿ ಭೇದಿಸದು. ಒಳಗೆ ಒಂದು ನೂರಾರಾಗಿ ಒಡೆಯುತ್ತದೆ. ಕೋಶ ಬಿರಿದು ಹೊರಬಂದ ಮರಿಗಳು ಹೊಸ ಮೀನನ್ನು ಹುಡುಕುತ್ತಾ ಈಜುತ್ತವೆ. ಒಂದೆರಡು ದಿನದಲ್ಲಿ ಸಿಗದಿದ್ದರೆ ಸಾಯುತ್ತವೆ. ಔಷಧಿ ಕೊಲ್ಲುವುದು ಮುಖ್ಯವಾಗಿ ಈ ಈಜುವ ಮರಿಗಳನ್ನು.

ಈಗ ಲೆಕ್ಕ ಹಾಕಿ. ಸೋಮವಾರ ಔಷಧಿ ಹಾಕಿದಿರಿ, ಬುಧವಾರ ಚುಕ್ಕೆ ಇಲ್ಲ. ಔಷಧಿ ಗೆದ್ದಿತು ಎಂದುಕೊಂಡಿರಿ. ನಿಜಕ್ಕೂ ಆದದ್ದೇನು? ಹಣ್ಣಾದ ಚುಕ್ಕೆಗಳು ತಮ್ಮ ಪಾಡಿಗೆ ಉದುರಿ ನೆಲದಲ್ಲಿ ಮರಿ ಮಾಡುತ್ತಿವೆ. ಮುಂದಿನ ವಾರ ಮೂರು ಚುಕ್ಕೆಯ ಜಾಗದಲ್ಲಿ ಮುನ್ನೂರು.

ಈ ಚಕ್ರದ ವೇಗ ನೀರಿನ ಬಿಸಿಯನ್ನು ಅವಲಂಬಿಸಿದೆ. 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದು ಸುತ್ತು ಒಂದು ವಾರದೊಳಗೆ ಮುಗಿಯುತ್ತದೆ; ಚಳಿನಾಡುಗಳ ತಣ್ಣನೆಯ ನೀರಿನಲ್ಲಿ ಐದು ವಾರವೂ ದಾಟೀತು. ಆದ್ದರಿಂದ ಬಾಟಲಿಯ ಮೇಲಿನ ಸೂಚನೆಯಂತೆ ಮತ್ತೆ ಮತ್ತೆ ಔಷಧಿ ಹಾಕಬೇಕು, ಕೊನೆಯ ಚುಕ್ಕೆ ಮಾಯವಾದ ಮೇಲೂ ಕಡಿಮೆಯೆಂದರೆ ಒಂದು ವಾರ ಮುಂದುವರಿಸಬೇಕು. ಫಿಲ್ಟರ್‌ನಲ್ಲಿ ಇದ್ದಿಲು ಇದ್ದರೆ ತೆಗೆದಿಡಿ, ಅದು ಔಷಧಿಯನ್ನು ಹೀರಿಕೊಳ್ಳುತ್ತದೆ. ತಳದ ಕಲ್ಲುಗಳ ನಡುವಿನ ಕಸವನ್ನು ಪೈಪಿನಿಂದ ಎಳೆದರೆ ಕೋಶಗಳೂ ಒಂದಷ್ಟು ಹೊರಹೋಗುತ್ತವೆ.

ಬಿಸಿ ಏರಿಸಿದರೆ ಚಕ್ರ ಬೇಗ ಉರುಳುತ್ತದೆ, ಪರಾವಲಂಬಿ ಔಷಧಿಗೆ ಬೇಗ ಸಿಗುತ್ತದೆ. ಬಿಸಿ ನೀರಿನ ಮೀನುಗಳಿಗೆ 28ರಿಂದ 30 ಡಿಗ್ರಿಯವರೆಗೆ ಒಂದೆರಡು ದಿನದಲ್ಲಿ ನಿಧಾನವಾಗಿ ಏರಿಸಬಹುದು. ಆದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಏರ್ ಪಂಪ್ ಜೋರಾಗಿಯೇ ಓಡಬೇಕು. ತಂಪು ಬಯಸುವ ಗೋಲ್ಡ್ ಫಿಶ್‌ಗೆ ಈ ಮಾರ್ಗ ಬೇಡ. ಇನ್ನೊಂದು ಎಚ್ಚರ: ಬಾಯಿಯ ಸುತ್ತ ಹತ್ತಿಯಂತೆ ಬಿಳಿ ಕಂಡರೆ ಅದು ಇಕ್ ಅಲ್ಲ. ಬೂಸ್ಟು ಎಂದುಕೊಳ್ಳುವ ಇದು ಎಷ್ಟೋ ಸಲ ಕೊಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗ. ಬಿಸಿ ಹೆಚ್ಚಿಸಿದರೆ ಅದು ಇನ್ನಷ್ಟು ಕೆರಳುತ್ತದೆ.

ನಂಬಿಕೆ: ಯಾವುದಕ್ಕೂ ಇರಲಿ ಎಂದು ಮೊದಲೇ ಔಷಧಿ ಹಾಕಿಬಿಟ್ಟರೆ ಒಳ್ಳೆಯದು

ಮೆಡಿಕಲ್ ಅಂಗಡಿಯ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲನ್ನು ಒಡೆದು ತೊಟ್ಟಿಗೆ ಸುರಿಯುವವರಿದ್ದಾರೆ. ಪ್ರತಿಜೀವಕ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ. ಇಕ್ ಬ್ಯಾಕ್ಟೀರಿಯಾ ಅಲ್ಲ. ಅದಲ್ಲದೆ ಟೆಟ್ರಾಸೈಕ್ಲಿನ್ ಗಡಸು ನೀರಿನ ಕ್ಯಾಲ್ಸಿಯಂ ಜತೆ ಸೇರಿಕೊಂಡು ನಿಷ್ಕ್ರಿಯವಾಗುತ್ತದೆ, ನಮ್ಮ ಬೋರ್‌ವೆಲ್ ನೀರಿನ ಗಡಸು ಎಲ್ಲರಿಗೂ ಗೊತ್ತಿರುವುದೇ. ಉಳಿಯುವ ಫಲ ಒಂದೇ, ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ.

ನೀಲಿ ಔಷಧಿ, ಅಂದರೆ ಮೆಥಿಲಿನ್ ಬ್ಲೂ, ಬೂಸ್ಟಿಗೂ ಮೊಟ್ಟೆಗಳ ರಕ್ಷಣೆಗೂ ಒಳ್ಳೆಯದೇ. ಆದರೆ ಮುಖ್ಯ ತೊಟ್ಟಿಗೆ ಹಾಕಿದರೆ ಫಿಲ್ಟರ್‌ನಲ್ಲಿ ನೆಲೆಸಿದ ಉಪಕಾರಿ ಬ್ಯಾಕ್ಟೀರಿಯಾ ಸಾಯುತ್ತವೆ. ಮೀನಿನ ಕಸದಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವುದು ಅವೇ. ಅವು ಹೋದರೆ ಅಮೋನಿಯಾ ಏರುತ್ತದೆ, ಕಿವಿರು ಸುಡುತ್ತದೆ, ಮೀನು ಏದುಸಿರು ಬಿಡುತ್ತದೆ. ನಾವು ರೋಗ ಹೆಚ್ಚಾಯಿತೆಂದು ಇನ್ನೆರಡು ಹನಿ ಹಾಕುತ್ತೇವೆ! ತೊಟ್ಟಿಯನ್ನು ಪೂರ್ತಿ ತಿಕ್ಕಿ, ಫಿಲ್ಟರನ್ನು ನಲ್ಲಿಯಡಿ ತೊಳೆಯುವುದರ ಪರಿಣಾಮವೂ ಇದೇ, ಜತೆಗೆ ಕ್ಲೋರಿನ್ ಬೇರೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಮೊದಲ ತಿಂಗಳಲ್ಲಿ ಸಾಯುವ ಮೀನುಗಳ ಮೇಲೆ ರೋಗದ ಹೆಸರು ಬರೆಯುವ ಮುನ್ನ ಅಮೋನಿಯಾ ಪರೀಕ್ಷೆ ಮಾಡುವುದು ಒಳಿತು.

ಔಷಧಿಯ ಬದಲು ಉಪ್ಪು ಹಾಕುವವರಿಗೆ ಒಂದು ಮಾತು. ಅಯೋಡಿನ್ ಉಪ್ಪು ಮೀನಿಗೆ ವಿಷವಲ್ಲ, ಅದರಲ್ಲಿರುವ ಅಯೋಡಿನ್ ತೀರಾ ಕಡಿಮೆ, ಕಲ್ಲುಪ್ಪೇ ಆಗಬೇಕೆಂದಿಲ್ಲ. ಲೀಟರಿಗೆ 1ರಿಂದ 3 ಗ್ರಾಂ ಉಪ್ಪನ್ನು ಗಪ್ಪಿ, ಮಾಲಿ, ಗೋಲ್ಡ್ ಫಿಶ್ ತಾಳುತ್ತವೆ. ಕೋರಿಡೊರಾಸ್, ಲೋಚ್ ಮೀನುಗಳಿಗೂ ಗಿಡಗಳಿಗೂ ಕಷ್ಟ. ಉಪ್ಪು ಆವಿಯಾಗುವುದಿಲ್ಲ, ಆದ್ದರಿಂದ ತೆಗೆದ ನೀರಿನಷ್ಟಕ್ಕೇ ಮತ್ತೆ ಹಾಕಿ.

ನಂಬಿಕೆ: ಕವರನ್ನು ಹದಿನೈದು ನಿಮಿಷ ತೇಲಿಸಿ ಬಿಟ್ಟರೆ ಸಾಕು, ಪ್ರತ್ಯೇಕ ತೊಟ್ಟಿ ದುಡ್ಡಿದ್ದವರಿಗೆ

ತೇಲಿಸುವುದರಿಂದ ಎರಡು ನೀರಿನ ಬಿಸಿ ಸಮವಾಗುತ್ತದೆ, ಅಷ್ಟೇ. ಕವರಿನಲ್ಲಿ ರೋಗವಿದ್ದರೆ ಅದು ಹಾಗೆಯೇ ಉಳಿಯುತ್ತದೆ. ಆ ನೀರನ್ನು ತೊಟ್ಟಿಗೆ ಸುರಿಯದೆ, ಮೀನನ್ನಷ್ಟೇ ಬಲೆಯಿಂದ ಎತ್ತಿ ಬಿಡಿ. ಅದೂ ಪ್ರತ್ಯೇಕ ತೊಟ್ಟಿಗೆ.

ಆ ತೊಟ್ಟಿ ಗಾಜಿನದೇ ಆಗಬೇಕಿಲ್ಲ. ಮುಚ್ಚಳವಿರುವ 30ರಿಂದ 40 ಲೀಟರಿನ ಪ್ಲಾಸ್ಟಿಕ್ ಟಬ್, ಅಗ್ಗದ ಸ್ಪಂಜ್ ಫಿಲ್ಟರ್, ಏರ್ ಪಂಪ್, ಅಡಗಲು ಎರಡು ತುಂಡು ಪಿವಿಸಿ ಪೈಪ್. ತಳದಲ್ಲಿ ಕಲ್ಲು ಬೇಡ. ಸ್ಪಂಜನ್ನು ಕೆಲವು ವಾರ ಮೊದಲೇ ಮುಖ್ಯ ತೊಟ್ಟಿಯಲ್ಲಿ ಓಡಿಸಿಟ್ಟಿದ್ದರೆ ಬ್ಯಾಕ್ಟೀರಿಯಾ ಅದರಲ್ಲಿ ಸಿದ್ಧವಾಗಿರುತ್ತವೆ. ಹೊಸ ಮೀನು ಇಲ್ಲಿ ಮೂರರಿಂದ ನಾಲ್ಕು ವಾರ ಇರಲಿ. ನಡುವೆ ರೋಗ ಕಂಡರೆ ಅದು ಗುಣವಾದ ದಿನದಿಂದ ಲೆಕ್ಕ ಹೊಸದಾಗಿ ಶುರು. ಬಲೆ, ಪೈಪ್, ಬಕೆಟ್ ಇದಕ್ಕೇ ಬೇರೆ ಇರಲಿ. ಮೇವು, ಶುಚಿ ಎಲ್ಲ ಮುಖ್ಯ ತೊಟ್ಟಿಗೆ ಮೊದಲು, ಇದಕ್ಕೆ ಆಮೇಲೆ. ಕೈಗೆ ಗಾಯವಿದ್ದರೆ ಕೈಗವಸು ಹಾಕಿಕೊಳ್ಳಿ: ಮೀನಿನ ತೊಟ್ಟಿಯ ಮೈಕೋಬ್ಯಾಕ್ಟೀರಿಯಂ ಮರೈನಮ್ ಎಂಬ ಬ್ಯಾಕ್ಟೀರಿಯಾ ಮನುಷ್ಯರ ಚರ್ಮಕ್ಕೂ ತಗುಲುತ್ತದೆ. ವಾರಗಟ್ಟಲೆ ಮಾಯದ ಗಂಟು ಕೈಮೇಲೆ ಎದ್ದರೆ ಮನೆಯಲ್ಲಿ ಅಕ್ವೇರಿಯಂ ಇದೆಯೆಂದು ವೈದ್ಯರಿಗೆ ಹೇಳಿ.

ಕೊನೆಗೊಂದು ವಿನಂತಿ. ಸಾಕಲಾಗದ ಮೀನನ್ನು ಕೆರೆಗೆ ಬಿಡುವುದು ಪುಣ್ಯವೆಂಬ ಭಾವನೆ ಇದೆ. ಇಕ್ ನಮ್ಮ ಕೆರೆಗಳ ಗೆಂಡೆ ಮೀನುಗಳಿಗೂ ಅಂಟುತ್ತದೆ, ಹೀಗೆ ಬಿಟ್ಟ ಸಕ್ಕರ್ ಮೀನು ದಕ್ಷಿಣ ಭಾರತದ ಹಲವು ಕೆರೆ ನದಿಗಳಲ್ಲಿ ಈಗಾಗಲೇ ಬೇರುಬಿಟ್ಟಿದೆ. ಬೇಡವಾದ ಮೀನನ್ನು ಅಂಗಡಿಗೋ ಇನ್ನೊಬ್ಬ ಸಾಕುವವರಿಗೋ ಕೊಡಿ, ರೋಗ ಬಂದಿದ್ದರೆ ಅದನ್ನು ಹೇಳಿಯೇ ಕೊಡಿ.