ಉಸಿರಿನ ಮಷೀನ್: ಮೊದಲ ತಿಂಗಳ ಕಿರಿಕಿರಿ

ಕಳೆದ ತಿಂಗಳು ಜುಮಾ ಮುಗಿದ ಮೇಲೆ ನಮ್ಮ ಮಸೀದಿಯ ಹಿರಿಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. "ಮೌಲಾನಾ ಸಾಬ್, ಮಷೀನ್ ತಂದು ಹದಿನೈದು ದಿನ ಆಯ್ತು. ಈಗ ಅಲಮಾರಿ ಮ್ಯಾಲೆ ಕುಂತದ. ನಿಮಗ ಹ್ಯಾಂಗ ರೂಢಿ ಆಯ್ತು?" ಎಂದು ಕೇಳಿದರು. ಅವರು ಕೇಳಿದ್ದು ಸಿಪ್ಯಾಪ್ ಬಗ್ಗೆ. ನಿದ್ರೆಯಲ್ಲಿ ಉಸಿರು ಕಟ್ಟುವವರಿಗೆ ವೈದ್ಯರು ಕೊಡುವ, ಮೂಗಿಗೆ ಮಾಸ್ಕ್ ಹಾಕಿ ಗಾಳಿ ಊದುವ ಯಂತ್ರ ಅದು. ನಾವು ಎರಡು ವರ್ಷದಿಂದ ಅದನ್ನು ಹಾಕಿಕೊಂಡೇ ಮಲಗುತ್ತಿದ್ದೇವೆ. ನಮ್ಮ ಮನೆಗಳಲ್ಲಿ ಈ ಕಾಯಿಲೆ ಇರುವವರು ಅವರೊಬ್ಬರೇ ಅಲ್ಲವಾದ್ದರಿಂದ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಕಾಯಿಲೆಯ ಹೆಸರು ಸ್ಲೀಪ್ ಅಪ್ನಿಯಾ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ. 10 ಸೆಕೆಂಡ್, ಕೆಲವೊಮ್ಮೆ ಅದಕ್ಕಿಂತ ಬಹಳ ಹೆಚ್ಚು ಹೊತ್ತು ಉಸಿರೇ ಇರುವುದಿಲ್ಲ. ಆಮೇಲೆ ಮಿದುಳು ಬೆಚ್ಚಿ ಎಬ್ಬಿಸುತ್ತದೆ, ಗಕ್ಕನೆ ಒಂದು ಗೊರಕೆ, ಮತ್ತೆ ಅದೇ. ಗಂಟೆಗೆ ಇಂಥದ್ದು 30 ದಾಟಿದರೆ ತೀವ್ರ ಎನ್ನುತ್ತಾರೆ. ನಮ್ಮದು 38 ಇತ್ತು. ಅದು ಗೊತ್ತಾಗಿದ್ದು ಇಅ್‌ತಿಕಾಫ್‌ನಲ್ಲಿ. ಪಕ್ಕದಲ್ಲಿ ಮಲಗಿದ್ದ ಹುಡುಗನೊಬ್ಬ ಸಹರಿ ಹೊತ್ತಿಗೆ, "ಹಜರತ್, ರಾತ್ರಿ ನಿಮ್ಮ ಉಸಿರು ನಿಂತೇ ಹೋಗಿತ್ತು, ನನಗ ಅಂಜಿಕಿ ಬಂತು" ಎಂದ. ಅಲ್ಲಿಯವರೆಗೆ ಗೊರಕೆ ಎಂದರೆ ಗಾಢ ನಿದ್ರೆಯ ಗುರುತು ಎಂದೇ ತಿಳಿದಿದ್ದೆವು. ಇಶಾ ಅಜಾನ್‌ಗೆ ಕಾಯುತ್ತ ಕುಳಿತಲ್ಲೇ ತೂಕಡಿಸುತ್ತಿದ್ದುದಕ್ಕೆ ವಯಸ್ಸು ಎಂದು ಸಮಾಧಾನ ಹೇಳಿಕೊಂಡಿದ್ದೆವು.

ಇದನ್ನು ಹಗುರವಾಗಿ ನೋಡಬೇಡಿ. ಚಿಕಿತ್ಸೆ ಇಲ್ಲದಿದ್ದರೆ ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಪೆಟ್ಟು ಬೀಳುತ್ತದೆ. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ಮುಂಬೈಯಲ್ಲಿ ತೀರಿಕೊಂಡಾಗ ಆಸ್ಪತ್ರೆಯವರು ಹೇಳಿದ ಕಾರಣ ಇದೇ ಕಾಯಿಲೆ. ನಮ್ಮ ಮನ್ನಾಏಖೇಳ್ಳಿಯ ಮೇಲೆಯೇ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಹಾದುಹೋಗಿದೆ. ಲಾರಿ, ಜೀಪು ಓಡಿಸಿ ಮನೆ ನಡೆಸುವವರು ನಮ್ಮ ಸಫ್‌ಗಳಲ್ಲಿ ಎಷ್ಟು ಜನ ಇದ್ದಾರೆ! ಸ್ಟೇರಿಂಗ್ ಹಿಡಿದಾಗ ಒಂದು ಕ್ಷಣ ಕಣ್ಣು ಮುಚ್ಚಿದರೆ ಹೋಗುವುದು ಅವರ ಜೀವ ಒಂದೇ ಅಲ್ಲ.

ಮಷೀನ್ ಮಾಡುವ ಕೆಲಸ ಸರಳ. ಅದರಲ್ಲಿ ಆಕ್ಸಿಜನ್ ಇರುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು, ಹದವಾದ ಒತ್ತಡದಲ್ಲಿ ಮೂಗಿಗೆ ಕಳಿಸಿ, ಗಂಟಲು ಮುಚ್ಚಿಕೊಳ್ಳದಂತೆ ಒಳಗಿನಿಂದ ಆಧಾರ ಕೊಡುತ್ತದೆ. 1980ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಇದನ್ನು ಮೊದಲು ಪ್ರಯೋಗಿಸಿದಾಗ ಕಸ ಹೀರುವ ಯಂತ್ರದ ಮೋಟಾರು ಬಳಸಿದ್ದರು. ಆಗಿನ ರೋಗಿಗಳು ದಿನಾ ರಾತ್ರಿ ಮಾಸ್ಕನ್ನು ಮುಖಕ್ಕೆ ಅಂಟಿಸಿಕೊಳ್ಳಬೇಕಿತ್ತು. ಅವರ ಮುಂದೆ ನಮ್ಮ ಕಿರಿಕಿರಿ ಏನೂ ಅಲ್ಲ ಎಂದು ಈಗ ಅನ್ನಿಸುತ್ತದೆ. ಮೊದಲ ರಾತ್ರಿ ಹಾಗೆ ಅನ್ನಿಸಿರಲಿಲ್ಲ.

ಮೊದಲ ರಾತ್ರಿ ನಾವು ಇಪ್ಪತ್ತು ನಿಮಿಷಕ್ಕೆ ಮಾಸ್ಕ್ ಕಿತ್ತೆಸೆದೆವು. ಉಸಿರಿಗಾಗಿ ತಂದ ಯಂತ್ರವೇ ಉಸಿರುಗಟ್ಟಿಸುತ್ತಿದೆ ಎಂಬ ಗಾಬರಿ. ಎರಡನೇ ರಾತ್ರಿಯೂ ಹಾಗೆಯೇ ಆಯಿತು. ಮೂರನೇ ರಾತ್ರಿ ಹಾಕಿಕೊಳ್ಳಲೇ ಇಲ್ಲ. ಆಮೇಲೆ ಟೆಕ್ನಿಷಿಯನ್ ಕಲಿಸಿದ ಉಪಾಯ ಕೆಲಸ ಮಾಡಿತು: ಅದನ್ನು ರಾತ್ರಿ ಅಲ್ಲ, ಹಗಲು ರೂಢಿಸಿಕೊಳ್ಳಬೇಕು. ಎರಡು ದಿನ ಅಸರ್ ಆದ ಮೇಲೆ ಬರೀ ಮಾಸ್ಕ್ ಮುಖಕ್ಕೆ ಹಿಡಿದು ಕುಳಿತೆವು, ಗಾಳಿ ಇಲ್ಲದೆ. ನಂತರ ಗಾಳಿ ಹಚ್ಚಿ ಅರ್ಧ ಗಂಟೆ ಪುಸ್ತಕ ಓದಿದೆವು. ಮನೆಯ ಮಕ್ಕಳು ವಿಮಾನ ಓಡಿಸುವವರು ಎಂದು ನಕ್ಕರು, ನಗಲಿ. ಐದಾರು ದಿನಕ್ಕೆ ಗಾಬರಿ ಇಳಿಯಿತು. ಮಷೀನ್‌ನಲ್ಲಿ ರಾಂಪ್ ಎಂಬ ಸೌಲಭ್ಯ ಇರುತ್ತದೆ. ಕಡಿಮೆ ಒತ್ತಡದಲ್ಲಿ ಶುರುವಾಗಿ ನಿದ್ರೆ ಹತ್ತುವಷ್ಟರಲ್ಲಿ ನಿಧಾನ ಏರುತ್ತದೆ. ಉಸಿರು ಬಿಡುವಾಗ ಒತ್ತಡ ತಗ್ಗಿಸುವ ಸೌಲಭ್ಯವೂ ಬಹಳ ಮಷೀನ್‌ಗಳಲ್ಲಿದೆ. ಎರಡೂ ಚಾಲೂ ಇವೆಯೇ ಎಂದು ಕೇಳಿ ನೋಡಿ.

ಕರೆಂಟ್ ಹೋದರೆ ಗತಿ ಏನು ಎಂದು ಎಲ್ಲರೂ ಕೇಳುತ್ತಾರೆ. ಮಾಸ್ಕ್‌ನಲ್ಲಿ ಗಾಳಿ ಹೊರಹೋಗಲು ಸಣ್ಣ ರಂಧ್ರಗಳಿರುತ್ತವೆ. ಬಾಯಿ ಮೂಗು ಎರಡನ್ನೂ ಮುಚ್ಚುವ ಮಾಸ್ಕ್‌ನಲ್ಲಿ ಮಷೀನ್ ನಿಂತ ಕೂಡಲೇ ಹೊರಗಿನ ಗಾಳಿಗೆ ತೆರೆದುಕೊಳ್ಳುವ ಕವಾಟವೂ ಇರುತ್ತದೆ. ಆ ರಂಧ್ರಗಳನ್ನು ಮಾತ್ರ ಮುಚ್ಚಬಾರದು. ಮನೆಯ ಇನ್ವರ್ಟರ್‌ನಲ್ಲೂ ಮಷೀನ್ ನಡೆಯುತ್ತದೆ. ಹ್ಯುಮಿಡಿಫೈಯರ್ ಆಫ್ ಮಾಡಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಹ್ಯುಮಿಡಿಫೈಯರ್ ಎಂದರೆ ಗಾಳಿಗೆ ತೇವ ಕೂಡಿಸುವ ನೀರಿನ ಡಬ್ಬಿ. ನಮ್ಮ ಕಡೆಯ ಬೇಸಿಗೆಯ ಒಣ ಗಾಳಿಗೆ ಅದಿಲ್ಲದಿದ್ದರೆ ಮೂಗು ಉರಿಯುತ್ತದೆ, ಕಟ್ಟಿಕೊಳ್ಳುತ್ತದೆ. ಅದಕ್ಕೆ ಬೋರ್‌ವೆಲ್ ನೀರು ಹಾಕಬೇಡಿ, ಬಿಳಿ ಗಸಿ ಕಟ್ಟುತ್ತದೆ. ಮೆಡಿಕಲ್ ಅಂಗಡಿಯ ಡಿಸ್ಟಿಲ್ಡ್ ನೀರು ಹಾಕಿ, ದಿನಾ ಬದಲಿಸಿ. ಚಳಿಗಾಲದಲ್ಲಿ ಇದರ ತಿರುಗುಮುರುಗು: ಕೊಳವೆಯಲ್ಲಿ ತೇವ ಹನಿಗಟ್ಟಿ ಗುಳುಗುಳು ಎನ್ನುತ್ತದೆ, ಮಧ್ಯರಾತ್ರಿ ಮೂಗಿಗೆ ತಣ್ಣನೆ ನೀರು. ಮಷೀನನ್ನು ಮಂಚಕ್ಕಿಂತ ಕೆಳಗಿಟ್ಟು, ಕೊಳವೆಯನ್ನು ರಜಾಯಿಯೊಳಗೆ ತಂದರೆ ತೊಂದರೆ ಕಡಿಮೆ. ಬೆಳಗ್ಗೆ ಬಾಯಿ ಕಟ್ಟಿಗೆಯಂತೆ ಒಣಗಿದ್ದರೆ ಗಾಳಿ ಬಾಯಿಂದ ಸೋರುತ್ತಿದೆ ಎಂದರ್ಥ. ಗದ್ದಕ್ಕೆ ಕಟ್ಟುವ ಪಟ್ಟಿಯೋ ದೊಡ್ಡ ಮಾಸ್ಕೋ ಬೇಕಾಗಬಹುದು.

ಗಡ್ಡದ ಮಾತು. ಮಾಸ್ಕ್ ಸೋರುತ್ತದೆ, ಗಡ್ಡ ತೆಗೆಯಿರಿ ಎಂದು ಅಂಗಡಿಯವನೊಬ್ಬ ನಮಗೆ ಹೇಳಿದ. ತೆಗೆಯಬೇಕಾಗಿಲ್ಲ. ಮೂಗಿನ ಹೊಳ್ಳೆಗಳಿಗಷ್ಟೇ ಕೂರುವ ಚಿಕ್ಕ ಮಾಸ್ಕ್ ಬರುತ್ತದೆ, ನೇಸಲ್ ಪಿಲ್ಲೋ ಎನ್ನುತ್ತಾರೆ. ಅದು ಗಡ್ಡವನ್ನು ಮುಟ್ಟುವುದೇ ಇಲ್ಲ. ಸೋರಿದರೆ ಪಟ್ಟಿಯನ್ನು ಬಿಗಿಯುತ್ತ ಹೋಗುವುದು ದೊಡ್ಡ ತಪ್ಪು. ಕೆನ್ನೆಯಲ್ಲಿ ಗೆರೆ, ಮೂಗಿನ ಮೇಲೆ ಹುಣ್ಣು ಆಗುತ್ತದೆ, ಸೋರುವುದು ನಿಲ್ಲುವುದಿಲ್ಲ. ಅಳತೆ ಬದಲಿಸಬೇಕು. ಮುಖದ ಎಣ್ಣೆ, ಮೀಸೆಗೆ ಹಚ್ಚಿದ ಅತ್ತರ್ ಕೂಡ ಮಾಸ್ಕನ್ನು ಜಾರಿಸುತ್ತವೆ. ಮಲಗುವ ಮುಂಚೆ ವುಜೂ ಮಾಡಿ ಮುಖ ಒರೆಸಿಕೊಂಡು ಹಾಕಿದರೆ ಚೆನ್ನಾಗಿ ಕೂರುತ್ತದೆ. ಮಾಸ್ಕ್‌ನ ಮೆತ್ತೆಯನ್ನು ದಿನಾ ಸೌಮ್ಯ ಸಾಬೂನಿನಿಂದ ತೊಳೆಯಿರಿ.

ಕೆಲವರಿಗೆ ಗಾಳಿ ಹೊಟ್ಟೆಗೆ ಹೋಗಿ ಬೆಳಗ್ಗೆ ಉಬ್ಬರ, ತೇಗು. ಒತ್ತಡ ಹೆಚ್ಚಾಗಿರಬಹುದು, ವೈದ್ಯರಿಗೆ ಹೇಳಿ. ನೀವೇ ಬಟನ್ ತಿರುವಬೇಡಿ.

ರಮಜಾನ್‌ನಲ್ಲಿ ಸಹರಿ ಮಾಡಿ ಮತ್ತೆ ಮಲಗುವವರಿಗೆ ಒಂದು ಸಂದೇಹ ಬರುತ್ತದೆ. ಬರೀ ಗಾಳಿಯಿಂದ ರೋಜಾಕ್ಕೆ ತೊಂದರೆ ಇಲ್ಲ. ನೀರಿನ ತೇವದ ಬಗ್ಗೆ ನಿಮ್ಮ ಮುಫ್ತಿಗಳನ್ನು ಕೇಳಿ. ಅಲ್ಲಿಯವರೆಗೆ ಆ ಒಂದು ನಿದ್ರೆಗೆ ನೀರಿನ ಡಬ್ಬಿ ಖಾಲಿ ಇಟ್ಟು ಮಷೀನ್ ಹಾಕಿಕೊಳ್ಳಿ. ಮಷೀನನ್ನೇ ಬಿಡಬೇಡಿ.

ಆ ಹಿರಿಯರು, "ಸಬ್ರ್ ಮಾಡಿ ಸಹಿಸಿಕೊಂಡೆ, ಆಗಲಿಲ್ಲ" ಎಂದಿದ್ದರು. ಸಹಿಸಿಕೊಂಡು ಸುಮ್ಮನಿರುವುದಕ್ಕೆ ಸಬ್ರ್ ಎನ್ನುವುದಿಲ್ಲ ಎಂದೆವು. ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಕಲಿಸಿದವರು ನಮ್ಮ ಪ್ರವಾದಿ(ಸ)ರು. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದವರೂ ಅವರೇ. ಎಲ್ಲಿ ಚುಚ್ಚುತ್ತದೆ, ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ ಎಂದು ಹೇಳದಿದ್ದರೆ ಸರಿಪಡಿಸುವವರಿಗೆ ಹೇಗೆ ತಿಳಿಯಬೇಕು? ಮರುದಿನ ಅವರ ಮಗ ಮಷೀನ್ ಹೊತ್ತು ತಂದ. ನೋಡಿದರೆ ಮಾಸ್ಕ್ ಒಂದು ಅಳತೆ ದೊಡ್ಡದು, ರಾಂಪ್ ಚಾಲೂ ಆಗಿರಲೇ ಇಲ್ಲ. ತಂದ ಕಡೆ ಹೋಗಿ ಮಾಸ್ಕ್ ಬದಲಿಸಿಕೊಂಡು ಬಂದರು.

ರಾತ್ರಿಗೆ ಕನಿಷ್ಠ 4 ಗಂಟೆಯಾದರೂ ಹಾಕಿರಬೇಕು ಎಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ, ಮಷೀನ್ ಆ ಲೆಕ್ಕ ಬರೆದಿಡುತ್ತದೆ. ಇಡೀ ರಾತ್ರಿ ಹಾಕಿದರೆ ಇನ್ನೂ ಒಳ್ಳೆಯದು. ಹಿರಿಯರು ಕಳೆದ ಶುಕ್ರವಾರ ಬಂದು, ಮೂರೂವರೆ ಗಂಟೆ ಆಗಿದೆ ಎಂದರು. ಬೆಳಗಿನ ಜಾವ ಇನ್ನೂ ನಿದ್ರೆಗಣ್ಣಲ್ಲಿ ಅದನ್ನು ಕಿತ್ತು ದಿಂಬಿನ ಕೆಳಗೆ ಇಡುತ್ತಾರಂತೆ. ಅವರ ಮನೆಯವರು ಎದ್ದು ಮತ್ತೆ ಹಾಕುತ್ತಾರಂತೆ.